ಕಲಿಸದ್ದನ್ನು ಕಲಿಸಿದೆ ಎನ್ನದ ಮೇಡಂ

ಮೇಡಂ ಅವರ ಎಡಗೈಯ ಅಂಗೈ ಸದಾ ಬೆಳ್ಳಗಿರುತ್ತಿತ್ತು. ಬಲಗೈಯಲ್ಲಿ ಬರೆದದ್ದನ್ನು ಎಡಗೈಯಲ್ಲಿ ಒರೆಸುವವರು ಅವರು. ಡಸ್ಟರ್ ಎಲ್ಲಿದೆ ಎಂದು ಹುಡುಕುವ ಸಹನೆ ಇರಲಿಲ್ಲ. ಸೀಮೆಸುಣ್ಣದ ಪುಡಿ ಕೂತು ಕೂತು ಚರ್ಮ ಒಣಗಿ, ಅಂಗೈಯ ಗೆರೆಗಳೆಲ್ಲ ಕಡಕ್ ರೊಟ್ಟಿಯ ಬಿರುಕಿನ ಹಾಗೆ ಕಾಣುತ್ತಿದ್ದವು. ಪಾಠ ನಡೆದಾಗ ಯಾರಾದರೂ ಬಾಗಿಲಿಗೆ ಬಂದು ಕರೆದರೆ ಆ ಬಿಳಿ ಅಂಗೈ ಮೇಲೇಳುತ್ತಿತ್ತು. ಮುಖ ಮಾತ್ರ ತಿರುಗುತ್ತಿರಲಿಲ್ಲ. ಬರೆಯುತ್ತಿದ್ದ ಸಾಲು ಮುಗಿಯುವವರೆಗೆ ಬಂದವರು ಆ ಅಂಗೈ ನೋಡುತ್ತ ನಿಲ್ಲಬೇಕು.

“ತಡೀರಿ, ಇದೊಂದು ಮುಗಸ್ತೇನಿ” ಎನ್ನುತ್ತಿದ್ದರು. ಕಾಲೇಜಿನ ಸಿಪಾಯಿ ಬಂದರೂ ಅದೇ, ಪ್ರಿನ್ಸಿಪಾಲರು ಬಂದರೂ ಅದೇ. ಹುಬ್ಬಳ್ಳಿಯ ನಮ್ಮ ಪಾಲಿಟೆಕ್ನಿಕ್‌ನಲ್ಲಿ ಅವರಿಗೆ ‘ತಡೀರಿ ಮೇಡಂ’ ಎಂದೇ ಹೆಸರು ಬಿದ್ದಿತ್ತು. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಚಾಳಿ ಬಿಡಲಿಲ್ಲ.

ಅವರು ಕಲಿಸುತ್ತಿದ್ದದ್ದು ಮೈಕ್ರೋಪ್ರೊಸೆಸರ್. ಇಂಟರಪ್ಟ್ ಎಂಬ ಪಾಠ ಬಂದ ದಿನ ಸಿಪಾಯಿ ಯಾವುದೋ ಸುತ್ತೋಲೆ ಹಿಡಿದು ಬಾಗಿಲಿಗೆ ಬಂದ. ಮೇಡಂ ಅಂಗೈ ಎತ್ತಿದರು, ಸಾಲು ಮುಗಿಸಿದರು, ಅದರ ತುದಿಗೆ ಒಂದು ಸಣ್ಣ ಕಾಟು ಗುರುತು ಹಾಕಿದರು, ಹೋಗಿ ಸಹಿ ಮಾಡಿ ಬಂದರು, ಕಾಟಿನ ಮುಂದಿನಿಂದ ಬರೆಯತೊಡಗಿದರು. ಆಮೇಲೆ ನಮ್ಮ ಕಡೆ ತಿರುಗಿ, ಈಗ ತಾವು ಮಾಡಿದ್ದೇ ಇಂಟರಪ್ಟ್ ಎಂದರು. ಪ್ರೊಸೆಸರು ಒಂದು ಕೆಲಸದಲ್ಲಿರುತ್ತದೆ. ಹೊರಗಿನಿಂದ ಕರೆ ಬರುತ್ತದೆ. ಅರ್ಧಕ್ಕೆ ಕೈಬಿಟ್ಟು ಅದು ಓಡುವುದಿಲ್ಲ. ಹಿಡಿದ ಆದೇಶವೊಂದನ್ನು ಮುಗಿಸುತ್ತದೆ, ಎಲ್ಲಿಗೆ ತಿರುಗಿ ಬರಬೇಕೆಂದು ಗುರುತು ಇಟ್ಟುಕೊಳ್ಳುತ್ತದೆ, ಕರೆದವರ ಕೆಲಸ ಮಾಡಿಕೊಟ್ಟು ಗುರುತಿನ ಜಾಗಕ್ಕೇ ಬರುತ್ತದೆ. ಕೆಲವು ಕರೆಗಳನ್ನು ಕಾಯಿಸಬಹುದು. ಒಂದನ್ನು ಮಾತ್ರ ಕಾಯಿಸುವ ಹಾಗಿಲ್ಲ.

“ಪ್ರಿನ್ಸಿಪಾಲರು ಕರದ್ರ ತಡೀರಿ ಅನಬಹುದು” ಎಂದರು. “ಬೆಂಕಿ ಬಿತ್ತು ಅಂದ್ರ ಅನ್ನಲಿಕ್ಕ ಬರಂಗಿಲ್ಲ.”

ಅದನ್ನು ಕೇಳಿ ನಕ್ಕವರಲ್ಲಿ ನಾನೂ ಇದ್ದೆ, ನನ್ನ ಪಕ್ಕದಲ್ಲಿ ಇಮ್ತಿಯಾಜನೂ ಇದ್ದ. ಇಮ್ತಿಯಾಜನ ಅಪ್ಪ ಹಳೇ ಹುಬ್ಬಳ್ಳಿಯಲ್ಲಿ ತಕ್ಕಡಿ ಮಾಡುವವರು. ಅವರ ಅಪ್ಪನೂ ಅದೇ ಕಸುಬಿನವರು. ಮಗ ಎಲೆಕ್ಟ್ರಾನಿಕ್ಸ್ ಓದಲಿ, ಮುಂದೆ ತಕ್ಕಡಿಗೆ ಕರೆಂಟು ಬರುತ್ತದೆ ಎಂದು ಅವರೇ ಕಳಿಸಿದ್ದರು. ಅವರು ಅಂದದ್ದು ಖರೆಯಾಯಿತು. ಓದು ಮುಗಿದು ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದ ಮೇಲೆ ನಾನೂ ಇಮ್ತಿಯಾಜನೂ ಸೇರಿ ಗಬ್ಬೂರಿನ ಬೈಪಾಸ್ ಬದಿಯಲ್ಲಿ ಪತ್ರಾಸಿನ ತಗಡು ಹೊದಿಸಿದ ಒಂದು ಶೆಡ್ಡು ಹಿಡಿದು ತೂಕದ ಯಂತ್ರ ಮಾಡತೊಡಗಿದೆವು.

ನಮ್ಮ ಗಿರಾಕಿಗಳೆಲ್ಲ ಅಮರಗೋಳದ ಮಾರ್ಕೆಟ್ ಯಾರ್ಡಿನವರು. ಅಲ್ಲಿ ಉಳ್ಳಾಗಡ್ಡಿ ಚೀಲ ಯಂತ್ರದ ಮೇಲೆ ಬಿದ್ದು ಇನ್ನೇನು ಅಂಕಿ ನಿಲ್ಲಬೇಕು ಎನ್ನುವಾಗ ಕರೆಂಟು ಹೋಗುತ್ತಿತ್ತು. ಅಂಕಿ ಮಾಯ. ರೈತ ಒಂದು ಹೇಳುವುದು, ದಲ್ಲಾಳಿ ಇನ್ನೊಂದು ಹೇಳುವುದು, ಹಮಾಲರು ಬೈದುಕೊಳ್ಳುತ್ತ ಮತ್ತೆ ಚೀಲ ಹೊರುವುದು. ಅದಕ್ಕೆ ನಾವೊಂದು ದಾರಿ ಮಾಡಿದೆವು. ಕರೆಂಟು ಇಳಿಯತೊಡಗಿದ ಕೂಡಲೇ ಪ್ರೊಸೆಸರಿಗೆ ಕರೆ ಹೋಗುತ್ತದೆ. ಮೇಡಂ ಹೇಳಿದ ಬೆಂಕಿಯ ಕರೆ, ಕಾಯಿಸಲಾಗದ್ದು. ಪೂರ್ತಿ ಕತ್ತಲಾಗುವ ಮುಂಚೆ ಅದು ತೂಕವನ್ನು ಎರಡು ಬೇರೆ ಬೇರೆ ಕಡೆ ಬರೆದಿಡುತ್ತದೆ. ಕರೆಂಟು ಬಂದ ಮೇಲೆ ಎರಡನ್ನೂ ತಾಳೆ ನೋಡಿ, ಕೂಡಿದರೆ ಮಾತ್ರ ತೋರಿಸುತ್ತದೆ. ಈ ಎರಡು ಕಡೆ ಬರೆಯುವ ಉಪಾಯ ಇಮ್ತಿಯಾಜನದು. ಯಂತ್ರಗಳು ಛಲೋ ಹೋದವು. ಆ ಕೆಲವು ವರ್ಷ ನಾನು ಸರಿಯಾಗಿ ನಿದ್ದೆ ಮಾಡಿದ್ದೇನೆ.

ಆಮೇಲೆ ನೋಟಿಸು ಬಂತು. ದೂರದ ಶಹರದ ದೊಡ್ಡ ಕಂಪನಿಯೊಂದು ಇದೇ ರೀತಿಗೆ ಪೇಟೆಂಟ್ ಪಡೆದಿತ್ತಂತೆ. ಕರೆ ಬಂದಾಗ ಕೆಲಸ ನಿಲ್ಲಿಸುವುದು, ಗುರುತಿಟ್ಟು ತಿರುಗಿ ಬರುವುದು, ಎರಡು ಕಡೆ ಬರೆದು ತಾಳೆ ನೋಡುವುದು, ಎಲ್ಲವೂ ತಮ್ಮ ಸಾಫ್ಟ್‌ವೇರಿನ ಸ್ವತ್ತು. ಇವರು ನಮ್ಮದನ್ನು ಕದ್ದಿದ್ದಾರೆ ಎಂದು ದಾವೆ ಹಾಕಿದರು. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಹೊಸ ಯಂತ್ರ ಮಾರುವಂತಿಲ್ಲ. ಹಳೆಯವನ್ನು ರಿಪೇರಿ ಮಾಡಿಕೊಂಡು, ಕೆಲಸದವರಿಗೆ ಇಂದು ನಾಳೆ ಎನ್ನುತ್ತ ಶೆಡ್ಡಿನ ಬಾಗಿಲು ತೆರೆದಿಟ್ಟೆವು.

ತಡೆಯಾಜ್ಞೆಗಿಂತ ಹೆಚ್ಚು ಕಾಡಿದ್ದು ಆ ಒಂದು ಶಬ್ದ. ತಕ್ಕಡಿ ಮಾಡುವವನನ್ನು ಕಳ್ಳ ಅಂದರೆ ಅವನ ಕಸುಬು ಅಲ್ಲಿಗೆ ಮುಗಿಯಿತು. ಕಳ್ಳನ ತಕ್ಕಡಿಯಲ್ಲಿ ಯಾರು ತೂಗಿಸಿಕೊಳ್ಳುತ್ತಾರೆ? ಅಮರಗೋಳದಲ್ಲಿ ಮಾತು ಹಬ್ಬಿತು. ಕೆಲವರು ಯಂತ್ರ ವಾಪಸ್ಸು ತಂದು ಶೆಡ್ಡಿನ ಮುಂದೆ ಇಳಿಸಿ ಹೋದರು. ಇಮ್ತಿಯಾಜನ ಅಪ್ಪ, ಮಳೆ ಬಿಸಿಲು ಎನ್ನದೆ ಅಂಗಡಿ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುತ್ತಿದ್ದವರು, ಒಳಗೆ ಕೂಡತೊಡಗಿದರು. ಮಗನನ್ನು ಅವರು ಒಂದೇ ಸಲ ಕೇಳಿದರಂತೆ, ನೀ ಕದ್ದಿಯೇನು ಎಂದು. ಇಲ್ಲ ಅಬ್ಬಾ ಎಂದನಂತೆ. ಮತ್ತೆ ಆ ಮಾತು ತೆಗೆಯಲಿಲ್ಲ. ಇಮ್ತಿಯಾಜನಿಗೆ ಅದೇ ಹೆಚ್ಚು ಸುಟ್ಟಿತು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ತಾರೀಖುಗಳ ವಿಷಯ ಬರೆಯಲು ನನಗೆ ಮನಸ್ಸಿಲ್ಲ. ಕೋರ್ಟು ಹತ್ತಿದವರಿಗೆಲ್ಲ ಗೊತ್ತು, ಹತ್ತದವರಿಗೆ ಗೊತ್ತಾಗುವುದೂ ಬೇಡ. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಧಾರವಾಡಕ್ಕೆ ಹೋಗುವುದು, ಬೆಂಚಿನ ಮೇಲೆ ಕೂಡುವುದು, ಹೆಸರು ಕೂಗಿದಾಗ ಎದ್ದು ನಿಲ್ಲುವುದು, ಮುಂದಿನ ತಾರೀಖು ಕೇಳಿಕೊಂಡು ಮನೆಗೆ ಬರುವುದು. ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರಲ್ಲ, ನಾವು ಎರಡರ ನಡುವೆ ಬೆಂಚಿನ ಮೇಲೆ ಕೂತವರು.

ಪ್ರೊಸೆಸರ್ ಬಲ್ಲ ತಜ್ಞರೊಬ್ಬರು ಸಾಕ್ಷಿಗೆ ಬೇಕು ಎಂದು ನಮ್ಮ ವಕೀಲರು ಅಂದಾಗ ನಮ್ಮಿಬ್ಬರಿಗೂ ಒಂದೇ ಹೆಸರು ನೆನಪಾಯಿತು. ಮೇಡಂ ನಿವೃತ್ತರಾಗಿ ಧಾರವಾಡದ ಮಾಳಮಡ್ಡಿಯಲ್ಲಿದ್ದರು. ಹೋದಾಗ ಓಣಿಯ ಯಾರದೋ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದರು. ನಮ್ಮ ನೆರಳು ಬಿದ್ದ ಕೂಡಲೇ ಅಂಗೈ ಎದ್ದಿತು. ಸುಣ್ಣದ ಪುಡಿ ಇರಲಿಲ್ಲ, ಗೆರೆಗಳು ಹಾಗೇ ಇದ್ದವು. ನಡುವಯಸ್ಸಿನ ಇಬ್ಬರು ಗಂಡಸರು ಹೊಸ್ತಿಲಲ್ಲಿ ಬಾಯಿ ಮುಚ್ಚಿ ನಿಂತೆವು. ಮಿಕ್ಸರಿನ ವೈರು ಬೆಸೆದು ಮುಗಿಸಿ ತಲೆಯೆತ್ತಿ, ನಮ್ಮ ಹೆಸರು ಹೇಳಿಯೇ ಕರೆದರು.

ಎಲ್ಲ ಕೇಳಿದ ಮೇಲೆ ಪೇಟೆಂಟಿನ ಪ್ರತಿ ಬೇಕು, ಎರಡೂ ಕಡೆಯ ಯಂತ್ರ ಬೇಕು ಎಂದರು. ಚಹಾ ಕೊಟ್ಟರು. ಹೊರಡುವಾಗ ಒಂದು ಮಾತು ಅಂದರು. “ಇದ್ದದ್ದು ಹೇಳ್ತೇನಿ. ನಿಮಗ ಒಗ್ಗದ ಇದ್ರೂ ಅದನ್ನ ಹೇಳ್ತೇನಿ. ಈಗ ವಿಚಾರ ಮಾಡಿ ನೋಡ್ರಿ, ಬ್ಯಾರೆಯವರು ಬೇಕಂದ್ರ ನನಗೇನು ಬೇಜಾರಿಲ್ಲ.” ನಾವು ವಿಚಾರ ಮಾಡಲಿಲ್ಲ. ವಿಚಾರ ಮಾಡುವ ಕಸುವು ನಮ್ಮಲ್ಲಿ ಉಳಿದಿರಲಿಲ್ಲ.

ತಿಂಗಳೊಪ್ಪತ್ತು ಓದಿದರು. ನಮ್ಮ ಯಂತ್ರ ಬಿಚ್ಚಿ ಜೋಡಿಸಿದರು, ಕಂಪನಿಯದನ್ನೂ ಬಿಚ್ಚಿ ಜೋಡಿಸಿದರು. ಆಮೇಲೊಂದು ದಿನ ವಕೀಲರನ್ನು ಕರೆದುಕೊಂಡು ಹೋದೆವು. ನಮ್ಮ ವಕೀಲರು ಒಳ್ಳೆಯವರೇ, ಮಾತು ಬೆಣ್ಣೆ. ನಿಲ್ಲಿಸಿ ತಿರುಗಿ ಬರುವುದನ್ನು ಪೇಟೆಂಟಿಗಿಂತ ಎಷ್ಟೋ ಮುಂಚೆಯೇ ಈ ಹುಡುಗರಿಗೆ ಕಲಿಸಿದ್ದೀರಿ ಎಂದು ಶುರುಮಾಡಿದರು. ಎರಡು ಕಡೆ ಬರೆದಿಡುವುದನ್ನೂ ಪಾಠದ ನಡುವೆ ಹೇಳಿರಬಹುದಲ್ಲ? ಅಷ್ಟು ವರ್ಷದ ಹಿಂದಿನ ಮಾತು, ಹೇಳಿಲ್ಲ ಎನ್ನುವವರು ಯಾರು? ನೀವು ‘ಕಲಿಸಿದ್ದೆ’ ಎಂದರೆ ಸಾಕು, ಅದು ಆಗಲೇ ಎಲ್ಲರಿಗೂ ತಿಳಿದದ್ದು ಎಂದಾಗುತ್ತದೆ, ಪೇಟೆಂಟ್ ಬೀಳುತ್ತದೆ, ಇವರ ಶೆಡ್ಡು ಉಳಿಯುತ್ತದೆ.

ಮೇಡಂ ನಮ್ಮ ಯಂತ್ರದ ಮುಚ್ಚಳ ಕೂಡಿಸಿ ಸ್ಕ್ರೂ ತಿರುಗಿಸಿದರು.

“ನಿಂತು ತಿರುಗಿ ಬರೂದು ಕಲಿಸೇನಿ. ಎರಡು ಕಡೆ ಬರಿಯೂದು ಕಲಿಸಿಲ್ಲ” ಎಂದರು. “ಕಲಿಸಿದ್ರ ಛಲೋ ಇತ್ತು. ಕಲಿಸಿಲ್ಲ.”

ವಕೀಲರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಸುಳ್ಳು ಹೇಳಿರೆಂದು ಗುರುಗಳನ್ನು ಕೇಳುವ ಧೈರ್ಯ ನನಗಿರಲಿಲ್ಲ. ಹೇಳಿಬಿಟ್ಟರೆ ಸಾಕಿತ್ತು ಎಂಬ ಆಸೆ ಇರಲಿಲ್ಲ ಎಂದರೆ ಅದೂ ಸುಳ್ಳಾದೀತು. ಮೇಡಂ ಇಮ್ತಿಯಾಜನ ಕಡೆ ತಿರುಗಿ, ಇದು ನಿನಗೆ ಎಲ್ಲಿಂದ ಹೊಳೆಯಿತು ಎಂದು ಕೇಳಿದರು. ಅಷ್ಟು ವರ್ಷದ ದಾವೆಯಲ್ಲಿ ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ. ಕದ್ದೆಯಾ ಎಂದು ಕೇಳಿದ್ದರು, ಕದ್ದಿಲ್ಲ ಎಂಬುದಕ್ಕೆ ಏನು ಪುರಾವೆ ಎಂದು ಕೇಳಿದ್ದರು.

ಅವನು ನಾಚಿಕೊಂಡು ಹೇಳಿದ. ಅವನ ಅಪ್ಪ ತಕ್ಕಡಿ ಮಾಡಿ ಮುಗಿಸಿದ ಮೇಲೆ ಒಂದು ತಟ್ಟೆಯಲ್ಲಿ ಕಲ್ಲು, ಇನ್ನೊಂದರಲ್ಲಿ ಮಾಲು ಇಟ್ಟು ತೂಗುತ್ತಾರೆ. ಆಮೇಲೆ ಅದಲುಬದಲು ಮಾಡಿ, ಕಲ್ಲಿದ್ದಲ್ಲಿ ಮಾಲು, ಮಾಲಿದ್ದಲ್ಲಿ ಕಲ್ಲು ಇಟ್ಟು ಮತ್ತೆ ತೂಗುತ್ತಾರೆ. ಎರಡು ಸಲವೂ ಮುಳ್ಳು ನಡುವೆ ನಿಂತರೆ ಮಾತ್ರ ತಕ್ಕಡಿ ಅಂಗಡಿಯ ಹೊಸ್ತಿಲು ದಾಟುತ್ತದೆ. ಒಂದು ಕಡೆಯ ಸಾಕ್ಷಿ ನಂಬಬಾರದು ಎಂದು ಅಪ್ಪ ಹೇಳುತ್ತಿದ್ದರು. ಅದನ್ನೇ ಯಂತ್ರಕ್ಕೆ ಹಾಕಿದೆ ಎಂದ.

ಮುಂದಿನ ಸಲ ಒಂದು ತಕ್ಕಡಿ ತೆಗೆದುಕೊಂಡು ಬಾ ಎಂದರು ಮೇಡಂ. ಅವನು ತಂದ. ಟೇಬಲ್ಲಿನ ಮೇಲೆ ಅಕ್ಕಿ ಪಾಕೀಟು, ತೂಕದ ಕಲ್ಲು ಇಟ್ಟು ತಾವೇ ಅದಲುಬದಲು ಮಾಡಿದರು. ಮತ್ತೆ ಮತ್ತೆ ಮಾಡಿದರು. ಹೊಸ ಆಟಿಕೆ ಸಿಕ್ಕ ಕೂಸಿನ ಹಾಗೆ ಅವರ ಮುಖ ಅರಳಿತ್ತು. ಇಷ್ಟು ದಿನ ಇದು ನನಗೆ ಗೊತ್ತೇ ಇರಲಿಲ್ಲ ನೋಡು ಎಂದು ಇಮ್ತಿಯಾಜನಿಗೆ ಹೇಳಿದರು. ಶೆಡ್ಡು ಮುಳುಗುತ್ತಿರುವಾಗ ಇವರಿಗೆ ತಕ್ಕಡಿಯ ಸಂಭ್ರಮ ಎಂದು ನನಗೆ ಒಳಗೊಳಗೇ ರೇಗಿತು.

ಸಾಕ್ಷಿ ಬರೆದುಕೊಳ್ಳಲು ಕೋರ್ಟು ಒಬ್ಬ ನಿವೃತ್ತ ನ್ಯಾಯಾಧೀಶರನ್ನು ನೇಮಿಸಿತ್ತು. ಸಣ್ಣ ಕೋಣೆ, ತಿರುಗಿಯೂ ಗಾಳಿ ಕೊಡದ ಫ್ಯಾನು. ಮೇಡಂ ಮಾಳಮಡ್ಡಿಯಿಂದ ಸಿಟಿ ಬಸ್ಸಿನಲ್ಲಿ ಬಂದಿದ್ದರು. ನಾವು ಕಾರು ತರುತ್ತೇವೆಂದರೂ ಒಪ್ಪಿರಲಿಲ್ಲ. ಕಂಪನಿಯ ವಕೀಲರು ಮೊದಲಿಗೆ ಕೇಳಿದ್ದೇ ಸಾಕ್ಷಿ ಹೇಳಲು ಇವರಿಂದ ಎಷ್ಟು ಪಡೆದಿರಿ ಎಂದು. ಬಸ್ ಚಾರ್ಜು ಸಹ ಪಡೆದಿಲ್ಲ, ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಇದೆ ಎಂದರು ಮೇಡಂ. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಪಾಠ ಶುರುವಾಯಿತು. ಪಾಠ ಎಂದೇ ಅನ್ನಬೇಕು. ಕರೆ ಬಂದಾಗ ಹಿಡಿದದ್ದನ್ನು ಮುಗಿಸಿ, ಗುರುತಿಟ್ಟು, ಹೋಗಿ ಬರುವುದು ಪ್ರೊಸೆಸರಿನ ಹುಟ್ಟುಗುಣ. ಅದನ್ನು ಮಾಡಿದವರು ಅದರೊಳಗೇ ಇಟ್ಟಿದ್ದಾರೆ. ಅದು ಈ ಕಂಪನಿ ಕಂಡುಹಿಡಿದದ್ದಲ್ಲ, ನನ್ನ ವಿದ್ಯಾರ್ಥಿಗಳೂ ಕಂಡುಹಿಡಿದದ್ದಲ್ಲ ಎಂದು ವಿವರಿಸತೊಡಗಿದರು. ಇದು ಕಂಪನಿಯವರಿಗೆ ಬೇಕಾದ ಮಾತಲ್ಲ. ಅವರ ವಕೀಲರು ನಡುವೆ ಬಾಯಿ ಹಾಕಿ, ಅದಿರಲಿ, ಎರಡು ಕಡೆ ಬರೆಯುವ ವಿಷಯಕ್ಕೆ ಹೌದು ಅಥವಾ ಅಲ್ಲ ಎಂದಷ್ಟೇ ಹೇಳಿ ಎಂದರು. ಮೇಡಂ ಅವರತ್ತ ನೋಡಲಿಲ್ಲ. ಅಂಗೈ ಮೇಲೆದ್ದಿತು. “ತಡೀರಿ, ಇದೊಂದು ಮುಗಸ್ತೇನಿ.” ಅಂಥ ದೊಡ್ಡ ವಕೀಲರು ನಮ್ಮ ಕಾಲೇಜಿನ ಸಿಪಾಯಿಯ ಹಾಗೆ ನಿಂತುಕೊಂಡರು. ಮೇಡಂ ವಾಕ್ಯ ಮುಗಿಸಿ, ಬರೆದುಕೊಂಡಿರಾ ಎಂದು ನ್ಯಾಯಾಧೀಶರನ್ನು ಕೇಳಿ, ಆಮೇಲೆ ತಿರುಗಿದರು.

ಎರಡು ಕಡೆ ಬರೆದು ತಾಳೆ ನೋಡುವುದು ಎರಡೂ ಯಂತ್ರಗಳಲ್ಲಿ ಒಂದೇ ಇದೆ ಎಂದರು. ನಮ್ಮ ವಕೀಲರು ತಲೆ ತಗ್ಗಿಸಿದರು. ಹಾಗಾದರೆ ನೀವು ಕಲಿಸಿದ್ದಿರಾ ಎಂದು ಎದುರಿನ ವಕೀಲರು ಕೇಳಿದರು. ಇಲ್ಲ ಎಂದರು. ನೀವು ಕಲಿಸಿಲ್ಲ ಎಂದಮೇಲೆ ನಮ್ಮ ಯಂತ್ರದಿಂದಲೇ ತೆಗೆದುಕೊಂಡರು ಎಂದಾಯಿತಲ್ಲ ಎಂದು ಅವರು ನಕ್ಕರು.

“ಇಲ್ರಿ” ಎಂದರು ಮೇಡಂ. “ಅದು ಅವನ ಮನ್ಯಾಗಿಂದ ಬಂದದ್ದು. ಅವರಪ್ಪ ತಟ್ಟಿ ಅದಲುಬದಲು ಮಾಡಿ ಎರಡು ಸಲ ತೂಗಿ ನೋಡ್ತಾರ. ನಾ ಕೈಯಾರೆ ಮಾಡಿ ನೋಡೇನಿ. ಹುಡುಗ ಕದ್ದಿಲ್ಲ, ಅಪ್ಪನ್ನ ನೋಡಿ ಕಲ್ತಾನ.”

ಇದು ದಾವೆಗೆ ಸಂಬಂಧವಿಲ್ಲ, ಬರೆಯಬಾರದು ಎಂದು ಎದುರಿನವರು ಆಕ್ಷೇಪಿಸಿದರು. ಸಾಕ್ಷಿ ಹೇಳಿದ್ದನ್ನು ಬರೆಯುವುದೇ ತಮ್ಮ ಕೆಲಸ ಎಂದು ನ್ಯಾಯಾಧೀಶರು ಬರೆಸಿದರು.

ಊಟದ ಬಿಡುವಿನಲ್ಲಿ ನಮ್ಮ ವಕೀಲರು ಹಣೆ ಒತ್ತಿಕೊಳ್ಳುತ್ತ ಕೂತಿದ್ದರು. ಆ ಮಾತಿಗೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ ಎಂದರು. ನೀವೇ ಸ್ವಂತ ಬುದ್ಧಿಯಿಂದ ಕಂಡುಕೊಂಡರೂ ಪೇಟೆಂಟ್ ಯಾರ ಹೆಸರಿನಲ್ಲಿದೆಯೋ ಅವರದೇ ಹಕ್ಕು. ಅದನ್ನು ಮೇಡಂಗೂ ಬಿಡಿಸಿ ಹೇಳಿದರು. ಗೊತ್ತು, ನೀವು ಕೊಟ್ಟ ಕಾಗದದಲ್ಲಿ ಓದಿದ್ದೆ ಎಂದು ಅವರು ತಮ್ಮ ಡಬ್ಬಿಯ ರೊಟ್ಟಿ ಮುರಿದರು.

ಅಂದು ಕಾರಿನಲ್ಲಿ ಹುಬ್ಬಳ್ಳಿಗೆ ಬರುತ್ತ ನವನಗರ ದಾಟಿದೆವು. ಇಮ್ತಿಯಾಜ ಹೊರಗೆ ನೋಡುತ್ತಲೇ, “ಸೋತ್ವಿ ಅಂತ ಅನಸವಲ್ದಲೇ ನನಗ” ಎಂದ. ನನಗೆ ಅನಿಸುತ್ತಿತ್ತು. ಕೆಲಸದವರ ಮುಖಗಳು ಒಂದೊಂದಾಗಿ ಕಣ್ಣೆದುರು ಬರುತ್ತಿದ್ದವು. ಆದರೆ ಅವನ ಭುಜ ಅಷ್ಟು ಸಡಿಲವಾಗಿದ್ದದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಸಾಕ್ಷಿ ಮುಗಿಯಿತು, ಇನ್ನು ಮೇಡಂ ಅವರ ಕೆಲಸವೂ ಮುಗಿಯಿತು ಎಂದುಕೊಂಡಿದ್ದೆವು. ಅವರು ಹಾಗೆ ಎಣಿಸಿರಲಿಲ್ಲ. ಎರಡು ಬಸ್ಸು ಬದಲಿಸಿ ಒಂದು ಬೆಳಿಗ್ಗೆ ಗಬ್ಬೂರಿನ ಶೆಡ್ಡಿಗೆ ಬಂದಿಳಿದರು. ಕಬ್ಬಿಣದ ಸ್ಟೂಲು ಎಳೆದುಕೊಂಡು ಇಮ್ತಿಯಾಜನ ಪಕ್ಕ ಕೂತರು. ನಿಮ್ಮದೂ ಅವರದೂ ಒಂದೇ ಆಯಿತು, ಅದನ್ನು ಬಿಡಿ, ಬೇರೆ ದಾರಿ ನೋಡೋಣ ಎಂದರು. ವಾರಕ್ಕೆ ಎರಡು ಮೂರು ಸಲ ಬಂದರು. ನಡುನಡುವೆ ಉಸಿರು ಹತ್ತುತ್ತಿತ್ತು, ಕೂತಲ್ಲೇ ಸ್ವಲ್ಪ ಕಣ್ಣು ಮುಚ್ಚುತ್ತಿದ್ದರು. ನಾವು ಬರಬೇಡಿರೆಂದರೆ ಮನೆಯಲ್ಲಿ ಮಿಕ್ಸರ್ ರಿಪೇರಿ ಮಾಡಿ ಸಾಕಾಗಿದೆ ಎನ್ನುತ್ತಿದ್ದರು.

ಕೊನೆಗೆ ದಾರಿ ಅವರಿಗೇ ಹೊಳೆಯಿತು.

“ಕರೆಂಟ್ ಹೋಗೂ ಹೊತ್ತಿನ್ಯಾಗ ಗಡಿಬಿಡಿಲೆ ಯಾಕ ಬರೀತೀರಿ?” ಎಂದರು. “ಮಾಲು ಅಲುಗಾಡೂದು ನಿಂತ ಕೂಡ್ಲೆ ಬರದು ಇಟ್ಟುಬಿಡ್ರಿ. ಆಮ್ಯಾಲೆ ಅದು ಯಾವಾಗ ಬೇಕಾದ್ರೂ ಹೋಗ್ಲಿ.”

ಕೇಳಿದರೆ ಇಷ್ಟೇನಾ ಅನಿಸುತ್ತದೆ. ಕರೆಂಟು ಹೋದರೂ ಬರೆದದ್ದು ಅಳಿಯದ, ಎಷ್ಟು ಸಲ ಬರೆದರೂ ಸವೆಯದ ಮೆಮೊರಿ ಚಿಪ್‌ಗಳು ಆಗ ಕೈಗೆಟುಕುವ ಹಾಗಾಗಿದ್ದವು. ಅದನ್ನು ಹಾಕಿದರೆ ಕರೆಂಟು ಹೋಗುವ ಹೊತ್ತಿಗೆ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ, ಬೆಂಕಿಯ ಕರೆಯೇ ಬೇಡ, ಗಡಿಬಿಡಿ ಇಲ್ಲದ್ದರಿಂದ ಎರಡು ಕಡೆ ಬರೆದು ತಾಳೆ ನೋಡುವುದೂ ಬೇಡ. ಜೀವಮಾನವೆಲ್ಲ ಇಂಟರಪ್ಟ್ ಕಲಿಸಿದವರು ನಮ್ಮ ಯಂತ್ರದಿಂದ ಅದನ್ನು ತೆಗೆಸಿಹಾಕಿದರು. ಹೊಸ ಯಂತ್ರ ತಡೆಯಾಜ್ಞೆಯೊಳಗೆ ಬರುವುದಿಲ್ಲವೆಂದು ಕೋರ್ಟಿಗೆ ತಿಳಿಸಿ ಒಪ್ಪಿಗೆ ಪಡೆಯಲು ಮತ್ತೊಂದಿಷ್ಟು ತಾರೀಖು ಹೋದವು. ಆಮೇಲೆ ಅಮರಗೋಳಕ್ಕೆ ಒಂದೊಂದಾಗಿ ಯಂತ್ರ ಹೋಗತೊಡಗಿದವು. ಮೊದಲಿನಷ್ಟಲ್ಲ. ಕೊಂಡವರೂ ಒಮ್ಮೆ ಹಿಂದೆ ಮುಂದೆ ನೋಡಿಯೇ ಕೊಂಡರು. ಮಾತಿನ ಕಲೆ ಲಗೂ ಹೋಗುವುದಿಲ್ಲ.

ಆ ವರ್ಷದ ಚಳಿಗಾಲ ಮೇಡಂ ಹೋದರು. ಜ್ವರ ಅಂದರು, ಆಸ್ಪತ್ರೆ ಅಂದರು, ವಾರದೊಳಗೆ ಮುಗಿಯಿತು. ಮಾಳಮಡ್ಡಿಯ ಮನೆಯ ಮುಂದೆ ಹಳೆಯ ವಿದ್ಯಾರ್ಥಿಗಳು ತುಂಬಿದ್ದರು. ಎಲ್ಲರಿಗೂ ಬಿಳಿ ಅಂಗೈಯ ಕತೆ ಒಂದೊಂದಿತ್ತು. ನಾನೂ ಇಮ್ತಿಯಾಜನೂ ಬೇವಿನ ಮರದ ಕೆಳಗೆ ನಿಂತಿದ್ದೆವು. ಅಳು ಬರಲಿಲ್ಲ. ಇನ್ನು ಯಾರನ್ನು ಕೇಳಬೇಕು ಎಂಬ ದಿಗಿಲು ಮಾತ್ರ ಇತ್ತು.

ತೀರ್ಪು ಬರಲು ಮತ್ತೂ ಬಹಳ ದಿನ ಹಿಡಿಯಿತು. ಬಂದಾಗ ಅರ್ಧ ನಮ್ಮದು, ಅರ್ಧ ಅವರದು. ನಿಂತು ತಿರುಗಿ ಬರುವುದು ಯಾರ ಸ್ವತ್ತೂ ಅಲ್ಲ ಎಂದು ಪೇಟೆಂಟಿನ ಆ ಭಾಗ ಬಿತ್ತು. ಎರಡು ಕಡೆ ಬರೆದು ತಾಳೆ ನೋಡುವ ಭಾಗ ಉಳಿಯಿತು; ಹಳೆಯ ಮಾದರಿಯನ್ನು ನಾವು ಮುಂದೆಂದೂ ಮಾಡುವಂತಿಲ್ಲ. ಮೇಲ್ಮನವಿ ಹಾಕಬಹುದು ಎಂದರು ವಕೀಲರು. ನಾನು ಬೇಡ ಎಂದೆ. ನನ್ನಲ್ಲಿ ಇನ್ನೊಂದು ತಾರೀಖಿಗೆ ಜಾಗವಿರಲಿಲ್ಲ.

ತೀರ್ಪಿನ ನಡುವೆ, ಯಾವ ಕಲಮಿಗೂ ಬೇಕಿಲ್ಲದ ಎರಡು ವಾಕ್ಯಗಳಿದ್ದವು. ಇಮ್ತಿಯಾಜ ಅವನ್ನು ಅಬ್ಬಾಗೆ ಓದಿ ಹೇಳು ಎಂದು ನನ್ನನ್ನು ಹಳೇ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ತಾನೇ ಓದಿದರೆ ಒಂದು ಕಡೆಯ ಸಾಕ್ಷಿಯಾಗುತ್ತದೆ ಎಂದ. ಮುದುಕರು ಅಂಗಡಿಯ ಒಳಗೆ ಚಾಪೆಯ ಮೇಲೆ ಕೂತಿದ್ದರು. ಇಂಗ್ಲಿಷಿನಲ್ಲಿದ್ದದ್ದನ್ನು ನಾನು ಕನ್ನಡ ಮಾಡಿ ಹೇಳಿದೆ: ಈ ಉಪಾಯ ಪ್ರತಿವಾದಿಗೆ ತಂದೆಯ ತಕ್ಕಡಿಯ ಕಸುಬಿನಿಂದ ಬಂದದ್ದು, ಕದ್ದದ್ದಲ್ಲ ಎಂದು ಸಾಕ್ಷಿ ಹೇಳಿದ್ದಾರೆ. ತಮ್ಮನ್ನು ಕರೆಸಿದವರಿಗೇ ನಷ್ಟವಾಗುವ ಸತ್ಯವನ್ನು ಮುಚ್ಚಿಡದ ಈ ಸಾಕ್ಷಿಯನ್ನು ಇದರಲ್ಲೂ ನಂಬದಿರಲು ಕಾರಣ ಕಾಣುವುದಿಲ್ಲ.

ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಕದ್ದದ್ದಲ್ಲ ಎಂದು ಕೋರ್ಟಿನ ಕಾಗದದಲ್ಲೇ ಇದೆಯಾ ಎಂದು ಕೇಳಿದರು. ಇದೆ ಎಂದೆ. ಆ ಸಾಲು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿಕೊಂಡರು. ಗೋಡೆ ಹಿಡಿದು ಮೆಲ್ಲಗೆ ಎದ್ದು ಟೋಪಿ ಸರಿಮಾಡಿಕೊಂಡರು. ಚಪ್ಪಲಿಗೆ ಕಾಲು ಹಾಕುತ್ತ, “ಆ ಬಾಯಾರು, ನಿಮ್ಮ ಮೇಡಂ, ಎಲ್ಲಿ ಇರ್ತಾರ? ನಡೀರಿ, ಒಂದು ಸಲಾಂ ಹೇಳಿ ಬರೋಣು” ಎಂದರು.

ಇಮ್ತಿಯಾಜ ನನ್ನ ಕಡೆ ನೋಡಿದ. ಮೇಡಂ ಹೋದ ದಿನಗಳಲ್ಲಿ ಅಪ್ಪನಿಗೆ ಮೈ ಸರಿಯಿರಲಿಲ್ಲ, ಅದಕ್ಕೇ ಅವನು ಆ ಸುದ್ದಿ ಅವರಿಗೆ ಹೇಳಿರಲೇ ಇಲ್ಲ. ಅವರು ತೀರಿಕೊಂಡರು ಚಾಚಾ, ಎರಡು ಚಳಿಗಾಲ ಕಳೆಯಿತು ಎಂದು ನಾನೇ ಹೇಳಬೇಕಾಯಿತು. ಮುದುಕರು ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಹಾಗೇ ನಿಂತರು.

“ಹಂಗಾದ್ರ ಈಗ ಯಾರಿಗೆ ಹೇಳೂದು ತಮ್ಮಾ?” ಎಂದರು.

ನನಗೂ ತಿಳಿಯಲಿಲ್ಲ. ಇಂದಿಗೂ ತಿಳಿಯದೆ ಇಷ್ಟು ಬರೆದಿದ್ದೇನೆ.